ಕೊಪ್ಪರಿಗೆಯಲ್ಲಿ ಒಂದೂವರೆ ಹರದಾರಿ

ಹುಮನಾಬಾದ, ಆಗಸ್ಟ್ ೧೪, ೧೯೪೯. ರವಿವಾರ

ಇವತ್ತು ಕಲ್ಯಾಣಿಗೆ ಹೋಗಿ ಬಾಲ್ಯದ ಗೆಳೆಯ ಸಿರಾಜುದ್ದೀನನನ್ನು ನೋಡಿ ಬಂದೆ. ಪೊಲೀಸ್ ಕಾರ್ಯಾಚರಣೆಯ ಮೇಲೆ ರಜಾಕಾರನೆಂದು ಹಿಡಿದೊಯ್ದಿದ್ದ ಅವನು ಬೀದರ ಜೇಲಿನಿಂದ ಹೊರಬಂದು ಎರಡು ತಿಂಗಳಾಯಿತು. ನಾನು ಹೋದದ್ದು ಇವತ್ತು. ಮಳೆ, ಅಂಗಡಿ, ಮೊಣಕಾಲು ನೋವು, ರಾಜೇಶ್ವರದ ಹತ್ತಿರ ಮೋಟಾರು ಕೆಡುತ್ತದೆ ಎಂಬ ಸುದ್ದಿ. ಬಟ್ಟೆ ವ್ಯಾಪಾರಿಗೆ ನೆಪಗಳ ಬರವೆಲ್ಲಿ?

ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದ. ಸರ್ವೇ ಇಲಾಖೆಯವರು ಇನ್ನೂ ಕೆಲಸಕ್ಕೆ ಕರೆದಿಲ್ಲ. ಇಪ್ಪತ್ತು ವರ್ಷ ಸರಪಳಿ ಹಿಡಿದು ಊರೂರಿನ ಹೊಲ ಅಳೆದವನು ಈಗ ಮಂಚದಿಂದ ಬಾಗಿಲವರೆಗೂ ನಡೆಯುವುದಿಲ್ಲ. ಅಂಗಿಯೊಳಗೆ ಅವನು ಎಲ್ಲಿದ್ದಾನೆಂದು ಹುಡುಕಬೇಕು, ಅಷ್ಟು ಸೊರಗಿದ್ದಾನೆ. ಗೋಡೆಯ ಕಡೆ ನೋಡುತ್ತಲೇ ಕೇಳಿದ: "ಆಗ ಗುಲಬರ್ಗಾಕ್ಕ ಹೋಗಿದ್ದಿ ಅಲ್ಲ ವೈಜು, ಆ ಕೆಲಸ ಆಯ್ತೇನು?"

ಕುಟುಕಲು ಕೇಳಿದ್ದಲ್ಲ. ಅವನಿಗೆ ಕುಟುಕಿ ಮಾತಾಡಲು ಬರುವುದೇ ಇಲ್ಲ. ನಿಜವಾಗಿ ಕೇಳಿದ. "ಆಯ್ತು" ಎಂದೆ.

ಯಾರೂ ಓದದ ಈ ಪುಸ್ತಕದಲ್ಲಾದರೂ ಸರಿಯಾಗಿ ಬರೆಯುತ್ತೇನೆ. ನಾನು ಗುಲ್ಬರ್ಗಕ್ಕೆ ಹೋಗಿರಲಿಲ್ಲ. ಜನವರಿಯಲ್ಲಿ ಸಿರಾಜನ ಹೆಂಡತಿ ಸುಗ್ರಾ ಭಾಬಿ ಬುರ್ಖಾ ಹಾಕಿಕೊಂಡು ಕಲ್ಯಾಣಿಯಿಂದ ನನ್ನ ಅಂಗಡಿಗೆ ಬಂದಿದ್ದಳು. ಕೈಯಲ್ಲೊಂದು ಕಾಗದ. ಸಿರಾಜ್ ರಜಾಕಾರನಲ್ಲ, ಯಾರಿಗೂ ಕೇಡು ಮಾಡಿದವನಲ್ಲ ಎಂದು ಇಬ್ಬರು ಹಿಂದೂ ಗೃಹಸ್ಥರು ರುಜು ಹಾಕಿದರೆ ಅವನನ್ನು ಬಿಡುತ್ತಿದ್ದರು. ಒಂದು ರುಜು ಸಿಕ್ಕಿತ್ತು. ಎರಡನೆಯದು ನನ್ನದಾಗಬೇಕಿತ್ತು. ಅಂಗಡಿ ಕಟ್ಟೆಯ ಮೇಲೆ ಆಗ ಗೋರ್ಟಾದ ಬಕ್ಕಪ್ಪ ಕುಳಿತಿದ್ದ. ರಜಾಕಾರರ ದಾಳಿಯಲ್ಲಿ ಅಣ್ಣನನ್ನು ಕಳೆದುಕೊಂಡು ಊರು ಬಿಟ್ಟು ಬಂದವನು. ಅವನೆದುರು ಸಾಬರ ಕಾಗದಕ್ಕೆ ಹೇಗೆ ರುಜು ಹಾಕಲಿ ಎನಿಸಿತು. ಒಳಗಿನ ಪರದೆಯ ಹಿಂದೆ ಸರಿದು ನಿಂತೆ. ಹೆಂಡತಿ ಕಾಂತಾಬಾಯಿಗೆ ಕೈಸನ್ನೆ ಮಾಡಿದೆ. ಅವಳು ಹೇಳಿದಳು: "ಅವರು ಗುಲಬರ್ಗಾಕ್ಕ ಹೋಗ್ಯಾರ." ಭಾಬಿ ಕಾಗದ ಮಡಿಚಿಕೊಂಡು ಹೋದಳು. ಸಿರಾಜ್ ಇನ್ನೂ ಐದು ತಿಂಗಳು ಒಳಗಿದ್ದ.

ಅದೇ ಸಿರಾಜ್, ರಜಾಕಾರರ ಗದ್ದಲದಲ್ಲಿ ಮೂರು ದಿನ ನನ್ನ ಅಂಗಡಿ ಮುಂದೆ ಕುರ್ಚಿ ಹಾಕಿಕೊಂಡು, ಅಂಗಿ ಹೊಲಿಸಲು ಬಂದವನ ಹಾಗೆ ಉರ್ದು ಪೇಪರು ಓದುತ್ತ ಕುಳಿತಿದ್ದ. ಒಂದು ಥಾನು ಬಟ್ಟೆಯೂ ಲೂಟಿಯಾಗಲಿಲ್ಲ.

ಇದನ್ನು ಅವನಿಗೆ ಹೇಳಬೇಕು. ಇವತ್ತೇ ಹೇಳಲೆಂದು ಹೋಗಿದ್ದೆ. ಬಾಯಿಗೆ ಬಂದದ್ದು ಬೇರೆ: "ಸಿರಾಜ್, ಕಾರಂಜಾ ಹೊಳಿ ತುಂಬ್ಯದ. ನರಸಿಂಗನ ಕೊಪ್ಪರಿಗಿ ತಗೊಂಡು ಹೋಗೋಣೇನು, ಸಣ್ಣವರಿದ್ದಾಗ ಹೋದಂಗ?"

ಅವನು ಗೋಡೆಯಿಂದ ಮುಖ ತಿರುಗಿಸಿ ನೋಡಿದ. "ಹುಚ್ಚು ಹಿಡದದೇನೋ?" ಎಂದ. ಆದರೆ ತಿರುಗಿದ.

ಮೋಟಾರಿನಲ್ಲಿ ಬರುವಾಗ ಯೋಚಿಸಿದೆ. ಮಾತು ಕೆಟ್ಟದ್ದೇನಲ್ಲ. ಮನೆಯಲ್ಲಾದರೆ ಅವನು ಎದ್ದು ಹೋಗಬಹುದು, ನಾನೂ ಎದ್ದು ಬರಬಹುದು. ಸೆಳವಿನ ನಡುವೆ ಬೆಲ್ಲ ಕಾಯಿಸುವ ಕೊಪ್ಪರಿಗೆಯಲ್ಲಿ ಕುಳಿತರೆ ಇಬ್ಬರೂ ಎಲ್ಲಿಗೂ ಹೋಗುವಂತಿಲ್ಲ. ಅಲ್ಲಿ ಹೇಳುತ್ತೇನೆ.

ಆಗಸ್ಟ್ ೧೭

ಕಾಂತಾಬಾಯಿಗೆ ಹೇಳಿದೆ. ರೊಟ್ಟಿ ಬಡಿಯುವುದನ್ನು ನಿಲ್ಲಿಸದೆಯೇ ಕೇಳಿದಳು: "ಈಜಾಕ ಬರತದೇನು ನಿಮಗ?"

"ಸ್ವಲ್ಪ ಬರತಿತ್ತು."

"ಆಗ ಹೊಟ್ಟಿ ಇಷ್ಟು ಇರಲಿಲ್ಲ."

ಆಮೇಲೆ ಕಾರಣವನ್ನೂ ಹೇಳಿದೆ. ಬಡಿಯುವ ಸದ್ದು ನಿಂತಿತು. "ನೀವು ಹೇಳಿ ಹಗುರ ಆಗ್ತೀರಿ. ಆವತ್ತು ಸುಳ್ಳು ಹೇಳಿದ್ದು ನನ್ನ ಬಾಯಿ. ಅದನ್ನ ಯಾವ ಹೊಳ್ಯಾಗ ತೊಳಕೊಳ್ಳಲಿ?" ಎಂದಳು.

ಹೆಂಗಸರಿಗೆ ಎಲ್ಲವನ್ನೂ ತಮ್ಮ ಮೇಲೆ ಎಳೆದುಕೊಳ್ಳುವ ಚಟ. ನಾನು ಅಟ್ಟದ ಮೇಲೆ ಹಗ್ಗ ಹುಡುಕಲು ಹೋದೆ.

ಆಗಸ್ಟ್ ೨೧. ರವಿವಾರ

ಹೊಳೆದಂಡೆಗೆ ಹೋಗಿದ್ದೆ. ನರಸಿಂಗನ ಗಾಣ ಮೊದಲಿದ್ದಲ್ಲೇ ಇದೆ. ಕಬ್ಬು ಅರೆಯುವುದು ದೀಪಾವಳಿಯ ಮೇಲೆ, ಅಲ್ಲಿಯವರೆಗೆ ಕೊಪ್ಪರಿಗೆಗೆ ಬಿಡುವು. ಮಳೆಗಾಲದಲ್ಲಿ ಆಚೆ ದಂಡೆಗೆ ಜನರನ್ನೂ ಆಡುಗಳನ್ನೂ ಅದರಲ್ಲೇ ದಾಟಿಸುತ್ತಾನೆ. ನನ್ನ ಗಜದ ಕೋಲಿನಿಂದ ಅಳೆದೆ. ಎರಡೂವರೆ ಗಜ ಅಗಲ, ಮೊಣಕಾಲೆತ್ತರ.

"ದಾಟೂದು ಬ್ಯಾರೆ ಸಾವಕಾರ್ರ, ಹೊಳಿಗುಂಟ ಹೋಗೂದು ಬ್ಯಾರೆ. ಇದಕ್ಕ ತಲಿ ಇಲ್ಲ, ಬಾಲ ಇಲ್ಲ. ಗರಗರ ತಿರಗತದ" ಎಂದ ನರಸಿಂಗ.

ತಳದಲ್ಲಿ ಎರಡು ಕಡೆ ನೀರು ಜಿನುಗುತ್ತಿತ್ತು. ಡಾಂಬರು ಹಚ್ಚಿಸೋಣವೆಂದೆ. ಅವನು ತಾಯಿಯನ್ನು ಬೈದವನನ್ನು ನೋಡಿದ ಹಾಗೆ ನನ್ನನ್ನು ನೋಡಿದ. ನಾಳೆ ಅದರಲ್ಲೇ ಬೆಲ್ಲ ಕುದಿಯಬೇಕು. ಡಾಂಬರು ಕೂಡದು, ಚಪ್ಪಲಿ ಕೂಡದು, ಎಲೆಯಡಿಕೆ ಉಗುಳುವುದು ಕೂಡದು. ನೀರಿಗಿಳಿಸುವ ಮೊದಲು ಗಂಗಮ್ಮನಿಗೆ ಕಾಯಿ ಒಡೆಯಬೇಕು. ಸಿರಾಜ್ ಸಾಹೇಬರು ಬಂದರೆ ನೀರು ಕಾಯುವ ಖಾಜಾ ಖಿಜರನ ಹೆಸರಲ್ಲಿ ಒಂದಿಷ್ಟು ಸಿಹಿ ಮಲೀದ ಹಂಚಬೇಕು. "ನೀರು ಯಾರ ಮಾತ ಕೇಳತದೋ ಏನೋ, ಇಬ್ಬರಿಗೂ ಹೇಳಿ ಇಡೂದು ಚಲೋ."

ಗಾಣದಿಂದ ಕೆಳಗಿನ ಹಳೇ ಕಲ್ಲುಕಟ್ಟೆಯವರೆಗೆ ಒಂದೂವರೆ ಹರದಾರಿ, ನಾಲ್ಕು ಮೈಲಿಯ ಮೇಲೆ. ಅಲ್ಲಿ ಅವನ ಬಂಡಿ ಕಾಯುತ್ತದೆ. ಕೊಪ್ಪರಿಗೆ ನೀರಿಗೆ ಎದುರಾಗಿ ಮರಳಿ ಬರುವುದಿಲ್ಲ, ಬಂಡಿಯ ಮೇಲೆ ಹೇರಿ ತರಬೇಕು. ಇದು ನಮಗೆ ಸಣ್ಣವರಿದ್ದಾಗ ಹೊಳೆದಿರಲಿಲ್ಲ. ಆಗ ದಂಡೆಗುಂಟ ಉರುಳಿಸಿಕೊಂಡು ತಂದಿದ್ದೆವು.

ಆಗಸ್ಟ್ ೨೮. ರವಿವಾರ

ಕಲ್ಯಾಣಿ. ಸಿರಾಜನಿಗೆ ಕೊಪ್ಪರಿಗೆಯ ವಿಷಯವನ್ನೆಲ್ಲ ತಿಳಿಸಿ, ಬರುವ ರವಿವಾರವೇ ಹೊರಡೋಣವೆಂದೆ. ಎಷ್ಟು ಬೇಗ ಹೇಳಿಬಿಟ್ಟರೆ ಅಷ್ಟು ಒಳ್ಳೆಯದು. ಅವನು ಕೇಳಲೇ ಇಲ್ಲ. ನೆಲದ ಮೇಲೆ ದೊಡ್ಡ ಕಾಗದ ಹಾಸಿ ಹೊಳೆಯ ನಕ್ಷೆ ಬರೆಯುತ್ತ ಕುಳಿತಿದ್ದ. ಎಲ್ಲಿ ತಿರುವು, ಎಲ್ಲಿ ಕರಿಬಂಡೆ, ಎಲ್ಲಿ ಜಾಲಿ ಗಿಡಗಳು ನೀರಿಗೆ ಬಾಗಿವೆ, ಎಲ್ಲಿ ಮಡು, ಎಲ್ಲಾ ಉರ್ದುವಿನಲ್ಲಿ ಸಣ್ಣಗೆ ಬರೆದಿದ್ದಾನೆ.

"ಇಪ್ಪತ್ತೆಂಟು ವರ್ಷದ ಹಿಂದ ನೋಡಿದ್ದು, ಹ್ಯಾಂಗ ನೆನಪದ?" ಎಂದೆ.

"ಹೊಲ ಮರೀಬಹುದು, ಹೊಳಿ ಹ್ಯಾಂಗ ಮರೀತದ? ಆದ್ರ ಬಂಡೆ ಎಡಕ್ಕೋ ಬಲಕ್ಕೋ ಗ್ಯಾರಂಟಿ ಇಲ್ಲ. ಹೋಗಿ ನೋಡಬೇಕು. ಬರೋ ರವಿವಾರ ಬ್ಯಾಡ."

ಇನ್ನೊಂದು ವಾರ ಹೋದಂತಾಯಿತು. ಇವನ ನಕ್ಷೆಯ ಹುಚ್ಚಿನಿಂದ ನನ್ನ ಕೆಲಸ ಮುಂದಕ್ಕೆ ಬಿತ್ತು. ಊಟಕ್ಕೆ ಕುಳಿತಾಗಲೂ ಅದೇ ಮಾತು. ಮಾತಿನ ಭರದಲ್ಲಿ ನನ್ನ ಪಾಲಿನ ರೊಟ್ಟಿಯನ್ನೂ ತಿಂದ. ಭಾಬಿ ಒಳಗಿನಿಂದ ಇನ್ನೆರಡು ಕಳಿಸಿದಳು.

ಸೆಪ್ಟೆಂಬರ್ ೨

ಹೇಳುವ ಮಾತನ್ನು ಮೂರು ಬಗೆಯಲ್ಲಿ ಬರೆದು ನೋಡಿದೆ.

"ಸಿರಾಜ್, ಅವತ್ತು ನಾನು ಊರಲ್ಲೇ ಇದ್ದೆ." ಇದು ತೀರ ಬರಿದು.

"ಸಿರಾಜ್, ಬಕ್ಕಪ್ಪ ಅಲ್ಲೇ ಕುಳಿತಿದ್ದ, ನನ್ನ ಜಾಗದಲ್ಲಿ ನೀನಿದ್ದರೆ..." ಅವನು ಇದ್ದಿದ್ದರೆ ರುಜು ಹಾಕುತ್ತಿದ್ದ. ಇದು ಬೇಡ.

ಮೂರನೆಯದರಲ್ಲಿ ದೇವರು ಬಂದ. ಹರಿದು ಹಾಕಿದೆ.

ಸೆಪ್ಟೆಂಬರ್ ೪. ರವಿವಾರ

ಸಿರಾಜ್ ಹುಮನಾಬಾದಕ್ಕೆ ಬಂದ! ಒಬ್ಬನೇ, ಮೋಟಾರಿನಲ್ಲಿ, ಇಸ್ತ್ರಿ ಮಾಡಿದ ಶೇರ್ವಾನಿ ಹಾಕಿಕೊಂಡು. ಬಸ್ಸಿನಿಂದಿಳಿದವನು ಬಜಾರಿನ ನಡುವೆಯೇ ನಡೆದು ಬಂದ. ನಾನಾದರೆ ಹಿಂದಿನ ಓಣಿಯಿಂದ ಕರೆತರುತ್ತಿದ್ದೆ. ಕೆಲವರು ನೋಡಿದರು, ಕೆಲವರು ನೋಡದಂತೆ ಮಾಡಿದರು. ಅವನಿಗೆ ಅದರ ಪರಿವೆಯೇ ಇಲ್ಲ, ಬಂಡೆ ಎಡಕ್ಕೋ ಬಲಕ್ಕೋ ಎಂಬುದೊಂದೇ ಚಿಂತೆ.

ಹೊಳೆಗುಂಟ ನಡೆದೆವು. ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಕೆಂಪು ದಂಡೆ, ಕಪ್ಪು ಬಂಡೆ, ನಡುವೆ ಕಂದು ನೀರು ನುಗ್ಗುತ್ತಿತ್ತು. ತೊಗರಿ ಹೊಲಗಳ ಹಸಿರು ನೀರಿನ ಅಂಚಿನವರೆಗೂ ಇಳಿದಿತ್ತು. ಇಷ್ಟು ಚೆಂದದ ಜಾಗ ಮೂರು ಹರದಾರಿ ದೂರದಲ್ಲಿದ್ದರೂ ಇಪ್ಪತ್ತೆಂಟು ವರ್ಷ ಬರಲಿಲ್ಲವಲ್ಲ. ಬಂಡೆ ಎಡಕ್ಕೇ ಇತ್ತು. ನಕ್ಷೆಯಲ್ಲೂ ಎಡಕ್ಕೇ ಬರೆದಿದ್ದ. ಚಿಕ್ಕ ಮಗುವಿನ ಹಾಗೆ ನನ್ನ ಬೆನ್ನಿಗೆ ಗುದ್ದಿದ.

ಗಾಣದ ಹತ್ತಿರ ನಿಂತ ನೀರಿನಲ್ಲಿ ಕೊಪ್ಪರಿಗೆ ಇಳಿಸಿ ಕುಳಿತು ನೋಡಿದೆವು. ನನ್ನ ಕಡೆ ಮುಳುಗಿತು, ಅವನ ಕಡೆ ಮೇಲೆದ್ದಿತು. ನರಸಿಂಗ ನಕ್ಕ. "ಸಾಹೇಬರ ಬಾಜೂಕ ಒಂದು ಕಲ್ಲು ಇಡಬೇಕ್ರಿ." ಬೀಸುವ ಕಲ್ಲಿನ ಅರ್ಧವನ್ನು ತಂದು ಸಿರಾಜನ ಪಕ್ಕ ಇಟ್ಟ. ಆಗ ಸಮ ಆಯಿತು.

ಮೊದಲು ನಾವಿಬ್ಬರೂ ಒಂದೇ ತೂಕ ಇದ್ದೆವು. ನಾನು ನಗಲಿಲ್ಲ.

ಸೆಪ್ಟೆಂಬರ್ ೯

ಬೆಳಿಗ್ಗೆ ಹೊಲಿಗೆಯ ಬಂದೇನವಾಜ್ ಬಂದಿದ್ದ. ಅವನ ಮನೆಯಲ್ಲಿ ಬೇರೆಯವರು ಸೇರಿಕೊಂಡಿದ್ದಾರೆ, ಅವನು ಒಳ್ಳೆಯವನೆಂದು ಯಾರಾದರೂ ಬರೆದುಕೊಟ್ಟರೆ ಮನೆ ಮರಳಿ ಸಿಗುತ್ತದಂತೆ. ರುಜು ಹಾಕಿ ಕಚೇರಿಗೂ ಜೊತೆಗೆ ಹೋಗಿ ಬಂದೆ. ಬಕ್ಕಪ್ಪ ಕಟ್ಟೆಯ ಮೇಲಿದ್ದ. ಎದ್ದು ಹೋದ. ಬರುವಾಗ ದಾರಿಯಲ್ಲಿ ಒಳ್ಳೆಯ ನಾರಿನ ಹಗ್ಗ ಸಿಕ್ಕಿತು, ಇಪ್ಪತ್ತು ಮೊಳ. ಅಟ್ಟದ ಮೇಲಿದ್ದ ಹಳೆಯದನ್ನು ಹುಳ ತಿಂದಿತ್ತು.

ಬೆಲ್ಲ ತಿರುವುವ ಮರದ ಹುಟ್ಟುಗಳನ್ನೇ ನೀರಿಗೂ ಬಳಸಬಹುದೆಂದು ನರಸಿಂಗ ಹೇಳಿ ಕಳಿಸಿದ್ದಾನೆ. ದಿನ ಗೊತ್ತಾಯಿತು: ಸೆಪ್ಟೆಂಬರ್ ೨೫.

ಸೆಪ್ಟೆಂಬರ್ ೧೧. ರವಿವಾರ

ಕಲ್ಯಾಣಿಗೆ ಹೋದಾಗ ಸಿರಾಜ್ ಮನೆಯಲ್ಲಿರಲಿಲ್ಲ, ನಕ್ಷೆಗೆ ಕೆಂಪು ಶಾಯಿ ತರಲು ಬಜಾರಕ್ಕೆ ಹೋಗಿದ್ದ. ಕಾಯುತ್ತ ಕುಳಿತೆ. ಒಳಬಾಗಿಲ ಪರದೆಯ ಹಿಂದಿನಿಂದ ಭಾಬಿ ಮಾತಾಡಿದಳು.

"ಭಾಯಿ, ಹೊಳ್ಯಾಗ ಅವರಿಗೆ ಹೇಳಾಕ ಹೊಂಟೀರಿ, ಹೌದಲ್ಲ?"

"ಏನು ಭಾಬಿ?"

"ಆವತ್ತು ಗುಲಬರ್ಗಾ ನಿಮ್ಮ ಅಂಗಡಿ ಒಳಗೇ ಇತ್ತಲ್ಲ, ಅದು."

ನಿಮಗೆ ಹೇಗೆ ಗೊತ್ತು ಎಂದು ಕೇಳಿದೆನೋ ಇಲ್ಲವೋ ನೆನಪಿಲ್ಲ.

"ನಿಮ್ಮ ಕಾಲು ಕಾಣಾಕತ್ತಿದ್ವು. ನಾವು ಪರದಾದ ಹಿಂದ ಇರೋ ಮಂದಿ ಭಾಯಿ. ಪರದಾದ ಕೆಳಗ ಏನೇನು ಕಾಣತದ ಅಂತ ನಮಗ ಗೊತ್ತದ."

ನಾನು ನನ್ನ ಕಾಲನ್ನೇ ನೋಡುತ್ತ ಕುಳಿತೆ. ಆಮೇಲೆ ಕೇಳಿದೆ: "ಮತ್ತ ಸಿರಾಜಗ ಯಾಕ ಹೇಳಲಿಲ್ಲ?"

"ಜೇಲಿನಿಂದ ಬಂದಾಗ ಅವರ ಕೈಯಾಗ ಏನಿತ್ತು? ನೌಕರಿ ಹೋಗಿತ್ತು. ತಮ್ಮ ಕರಾಚಿಗೆ ಹೋಗಿದ್ದ. ಒಬ್ಬ ದೋಸ್ತ ಅದಾನ ಅನ್ನೋದಾದರೂ ಉಳೀಲಿ ಅಂದೆ. ನಿಮ್ಮ ಸಲುವಾಗಿ ಅಲ್ಲ, ತಪ್ಪು ತಿಳೀಬ್ಯಾಡ್ರಿ."

"ಹೇಳದಿದ್ರ ನನಗ ಸಮಾಧಾನ ಇಲ್ಲ ಭಾಬಿ. ಎದಿ ಮ್ಯಾಲ ಕಲ್ಲು ಇಟ್ಟಂಗ ಆಗ್ಯದ."

"ಇಟಗೋರ್ರಿ. ಈಗ ಎರಡು ಹೊತ್ತು ಉಣ್ಣಾಕತ್ತಾರ. ಬಜಾರಕ್ಕ ಹೋಗಾಕತ್ತಾರ. ನಿಮ್ಮ ವಜ್ಜಾ ಇಳಿಸಾಕ ಅವರ ತಲೀನೇ ಬೇಕೇನು? ನಾ ಎಂಟು ತಿಂಗಳಿಂದ ಹೊತ್ತೀನಿ. ಗಂಡಸರಿಗೆ ಏನಾಗ್ಯದ ಹೊರಾಕ?"

ಅಷ್ಟರಲ್ಲಿ ಸಿರಾಜ್ ಶಾಯಿ ಹಿಡಿದು ಬಂದ. ಮಡುವಿಗೆ ಕೆಂಪು ಬಣ್ಣ ಹಚ್ಚಿದ.

ಸೆಪ್ಟೆಂಬರ್ ೧೨

ಅಂಗಡಿಯ ಒಳಗಿನ ಪರದೆಯನ್ನು ಬಿಚ್ಚಿ ಮಡಿಚಿಟ್ಟೆ.

ಸೆಪ್ಟೆಂಬರ್ ೧೫

ಸಿಟ್ಟು ಬರುತ್ತಿದೆ. ನಾನು ತಪ್ಪು ಒಪ್ಪಿಕೊಳ್ಳಲು ಹೊರಟರೆ ಬೇಡವೆನ್ನಲು ಇವಳಾರು? ಸತ್ಯ ಹೇಳಬೇಕೆಂದು ಶರಣರು ಹೇಳಲಿಲ್ಲವೇ? ಕಾಂತಾಬಾಯಿಯ ಮುಂದೆ ಇದನ್ನೇ ದೊಡ್ಡ ದನಿಯಲ್ಲಿ ಹೇಳಿದೆ. "ಸತ್ಯ ಹೇಳೂ ದಿವಸ ಜನವರಿಯಾಗ ಬಂದಿತ್ತು" ಎಂದು ಹೇಳಿ ಅವಳು ನೀರಿಗೆ ಹೋದಳು.

ಬಕ್ಕಪ್ಪ ಇವತ್ತೂ ಕಟ್ಟೆಗೆ ಬಂದಿಲ್ಲ.

ಸೆಪ್ಟೆಂಬರ್ ೧೯

ಮೂರು ದಿನ ಬಿಡದೆ ಮಳೆ. ಹೊಳೆ ಇನ್ನೂ ಏರಿದರೆ ಹೋಗುವುದು ತಪ್ಪುತ್ತದೆ. ತಪ್ಪಲಿ ಎಂದುಕೊಂಡೆ. ನನ್ನ ಮೇಲೆ ನನಗೆ ನಂಬಿಕೆ ಇಲ್ಲ. ನೀರಿನ ನಡುವೆ ಎದುರಿಗೆ ಕುಳಿತಾಗ ಬಾಯಿ ತಾನೇ ತೆರೆದುಕೊಂಡರೆ? ಎಂಟು ತಿಂಗಳಿಂದ ತುದಿನಾಲಿಗೆಯಲ್ಲಿರುವ ಮಾತು.

ಮಧ್ಯಾಹ್ನ ಸಿರಾಜನ ಕಾರ್ಡು ಬಂತು. ಹೋಗುವುದನ್ನು ಬಿಡಬೇಡ, ನೀರು ಮೊಳ ಏರಿದರೆ ಬಂಡೆ ಮುಳುಗುತ್ತದೆ, ಅದು ನಮಗೆ ಅನುಕೂಲವೇ ಎಂದು ಲೆಕ್ಕ ಮಾಡಿ ಬರೆದಿದ್ದಾನೆ. ಕೊನೆಗೆ ಒಂದು ಸಾಲು: ನಿದ್ದೆ ಬರುತ್ತಿದೆ, ಎದ್ದ ಕೂಡಲೇ ಏನು ಮಾಡಬೇಕೆಂದು ಗೊತ್ತಿರುತ್ತದೆ, ಇದು ಬಹಳ ದಿನಗಳ ಮೇಲೆ.

ಕಾರ್ಡನ್ನು ನಾಲ್ಕು ಸಲ ಓದಿದೆ.

ಬಕ್ಕಪ್ಪ ಬಂದ. ಬಹಳ ಹೊತ್ತು ಕುಳಿತಿದ್ದ. ಹೋಗುವಾಗ "ಆ ದರ್ಜಿಗೆ ಮನಿ ಸಿಕ್ಕಿತೇನು?" ಎಂದು ಕೇಳಿದ. ಇನ್ನೂ ಇಲ್ಲವೆಂದೆ. ತಲೆಯಾಡಿಸಿ ಹೋದ.

ಸೆಪ್ಟೆಂಬರ್ ೨೪

ದಸರೆಯೂ ಬಕ್ರೀದೂ ಒಂದೇ ವಾರದಲ್ಲಿ ಬಂದಿವೆ. ಅಂಗಡಿಯಲ್ಲಿ ಉಸಿರಾಡಲು ಜಾಗವಿಲ್ಲ. ನಾಳೆ ಬಾಗಿಲು ಹಾಕುತ್ತೇನೆಂದಾಗ ಗಿರಾಕಿಗಳು ನಂಬಲಿಲ್ಲ. ಕಾಂತಾಬಾಯಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಟ್ಟಿದ್ದಾಳೆ. ಹೇಳುತ್ತೀರಾ ಎಂದು ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ.

ಸೆಪ್ಟೆಂಬರ್ ೨೫. ರವಿವಾರ

ಹೋಗಿ ಬಂದೆವು.

ನರಸಿಂಗ ಕಾಯಿ ಒಡೆದ. ಸಿರಾಜ್ ಕಣ್ಣುಮುಚ್ಚಿ ಏನೋ ಓದಿ ಮಲೀದ ಹಂಚಿದ, ಒಂದು ತುತ್ತು ನೀರಿಗೂ ಹಾಕಿದ. ಬರಿಗಾಲಲ್ಲಿ ಹತ್ತಿ ಕುಳಿತೆವು. ನರಸಿಂಗ ಬೀಸುವ ಕಲ್ಲು ತಂದ. ಸಿರಾಜ್ ಬೇಡವೆಂದ. ಕೊಪ್ಪರಿಗೆ ಸ್ವಲ್ಪ ಓರೆಯಾಯಿತು, ಅಷ್ಟೇ.

ಹಗ್ಗ ಬಿಚ್ಚಿದ ಕೂಡಲೇ ಹೊಳೆ ನಮ್ಮನ್ನು ಎಳೆದುಕೊಂಡಿತು. ಕೊಪ್ಪರಿಗೆ ತಿರುಗುವುದೆಂದರೆ ಹೀಗೆ ಎಂದು ಮರೆತೇ ಹೋಗಿತ್ತು. ಒಮ್ಮೆ ಮುಂದಿನ ದಾರಿ ನನಗೆ ಕಾಣುತ್ತಿತ್ತು, ಒಮ್ಮೆ ಅವನಿಗೆ. ಯಾರಿಗೆ ಕಾಣುತ್ತದೋ ಅವರು ಕೂಗಬೇಕು. "ಎಡಕ್ಕ! ಲೇ, ನನ್ನ ಎಡಕ್ಕ ಅಲ್ಲ, ನಿನ್ನ ಎಡಕ್ಕ!" ಬಂಡೆಯ ಮೇಲೆ ನೀರು ಬಿಳಿಯಾಗಿ ಉಕ್ಕುತ್ತಿತ್ತು. ಒಂದು ಮೊಳ ಅಂತರದಲ್ಲಿ ದಾಟಿದೆವು. ಮೈಯೆಲ್ಲ ಒದ್ದೆ. ಜಾಲಿ ಗಿಡಗಳಿಂದ ಬೆಳ್ಳಕ್ಕಿಗಳು ಎದ್ದವು. ನಾನು ಕಿರುಚುತ್ತಿದ್ದೆನಂತೆ. ಅವನು ನಗುತ್ತಿದ್ದ. ಹಲ್ಲು ಕಾಣುವಂತೆ ನಕ್ಕದ್ದನ್ನು ನೋಡಿ ಎಷ್ಟು ದಿನವಾಗಿತ್ತು!

ತಿರುವು ದಾಟಿದ ಮೇಲೆ ಹೊಳೆ ಅಗಲವಾಯಿತು, ಸೆಳವು ತಗ್ಗಿತು. ಇಬ್ಬರೂ ಹುಟ್ಟು ತೊಡೆಯ ಮೇಲಿಟ್ಟು ಏದುಸಿರು ಬಿಡುತ್ತ ಕುಳಿತೆವು. ನಾನು ಮೊದಲು ಆರಿಸಿಕೊಂಡಿದ್ದ ಜಾಗ ಅದೇ. ನಕ್ಷೆಯಲ್ಲಿ ಮನಸ್ಸಿನಲ್ಲೇ ಗುರುತು ಹಾಕಿಟ್ಟಿದ್ದೆ.

ಸಿರಾಜ್ ನೀರಿನಲ್ಲಿ ಕೈ ಬಿಟ್ಟುಕೊಂಡು ತಾನಾಗಿಯೇ ಮಾತಾಡಿದ. "ಒಳಗಿದ್ದಾಗ ಒಂದೊಂದು ಸಲ ತಲಿ ಕೆಡ್ತಿತ್ತು ವೈಜು. ಎಷ್ಟು ಮಂದಿ ಹೊಲ ಅಳೆದೀನಿ, ಎಷ್ಟು ಮಂದಿ ಮನ್ಯಾಗ ಉಂಡೀನಿ, ಒಬ್ಬರೂ ಬರಲಿಲ್ಲ. ಆಗ ಅನ್ಕೋತಿದ್ದೆ, ವೈಜು ಗುಲಬರ್ಗಾಕ್ಕ ಹೋಗ್ಯಾನ, ಊರಾಗ ಇದ್ದಿದ್ರ ಬಂದೇ ಬರ್ತಿದ್ದ. ಹಂಗ ಅನ್ಕೊಂಡು ಮಕ್ಕೋತಿದ್ದೆ."

ಕೊಪ್ಪರಿಗೆ ಮೆಲ್ಲಗೆ ತಿರುಗುತ್ತಿತ್ತು. ಅವನು ನನ್ನ ಮುಖ ನೋಡಿದ. "ಬರ್ತಿದ್ದಿ ಅಲ್ಲ?"

"ಬರ್ತಿದ್ದೆ" ಎಂದೆ.

ಇದಕ್ಕಿಂತ ದೊಡ್ಡ ಸುಳ್ಳನ್ನು ನಾನು ಹೇಳಿಲ್ಲ. ಇದಕ್ಕಿಂತ ಕಷ್ಟದ ಮಾತನ್ನೂ ಆಡಿಲ್ಲ. ಹೇಳಿ ಮುಗಿಸಿದ ಮೇಲೆ ಹಗುರವೇನೂ ಆಗಲಿಲ್ಲ. ಹುಟ್ಟು ಎತ್ತಿಕೊಂಡೆ.

ಮನೆಗೆ ಬಂದಾಗ ಕಾಂತಾಬಾಯಿ ಬಿಸಿನೀರು ಕೊಟ್ಟು, "ಹೇಳಿದ್ರೇನ್ರಿ?" ಎಂದು ಕೇಳಿದಳು.

"ಇಲ್ಲ. ಗುಲಬರ್ಗಾದಾಗೇ ಇದ್ದಂಗ ಮಾತಾಡಿದೆ."

"ನಿಮ್ಮ ಬಾಯಿಂದನ?"

"ನನ್ನ ಬಾಯಿಂದನ."

ಅವಳು "ತಲಿ ಒರಸಿಕೋರ್ರಿ, ಥಂಡಿ ಆಗತದ" ಎಂದು ಟವಲು ಕೊಟ್ಟಳು.

ಒಂದು ಬರೆಯುವುದು ಉಳಿಯಿತು. ಕಲ್ಲುಕಟ್ಟೆಯಲ್ಲಿ ಕೊಪ್ಪರಿಗೆಯನ್ನು ಬಂಡಿಗೆ ಹೇರುವಾಗ ಸಿರಾಜ್ ಹೇಳಿದ, ಬರುವ ವರ್ಷ ಇನ್ನೂ ಕೆಳಗೆ ಹೋಗೋಣ, ಅದರ ಮುಂದಿನ ವರ್ಷ ಕಾರಂಜಾ ಮಾಂಜ್ರಾವನ್ನು ಕೂಡುವಲ್ಲಿಯವರೆಗೆ. ನಕ್ಷೆಗೆ ಕಾಗದ ಅಂಟಿಸಿ ಉದ್ದ ಮಾಡುತ್ತಾನಂತೆ. ಆಮೇಲೆ ನನ್ನ ಹೆಗಲ ಮೇಲೆ ಒದ್ದೆ ಕೈಯಿಟ್ಟು, "ನೋಡು, ಆಗ ಮತ್ತ ಗುಲಬರ್ಗಾಕ್ಕ ಹೋಗಿಗೀಗಿ. ಊರಾಗ ಇರ್ತಿ ಅಲ್ಲ?" ಎಂದು ನಕ್ಕ.

ಇರ್ತೀನಿ ಎಂದೆ.